ಬಾನಿ ತುಂಬಿ ಹರಿದರೆ, ಬಾನಿಗೆ ನೀರೇ ಬಾರದಿದ್ದರೆ: ಕೊಟ್ಟಿಗೆಯ ನೀರುಮಟ್ಟದ ಸರ್ಕ್ಯೂಟಿಗೆ ದೋಷ ನಿವಾರಣೆ ಕೈಪಿಡಿ

ಹಸುಗಳ ಬಾನಿಗೆ ತಾನಾಗಿ ನೀರು ತುಂಬಿಸುವ ಪುಟ್ಟ ಸರ್ಕ್ಯೂಟು ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಅದನ್ನೇ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಕೊಟ್ಟಿಗೆಗೆ ತಂದು ಕೂರಿಸಿದರೆ ರಗಳೆ ಶುರುವಾಗುತ್ತದೆ. ಐಸಿ (ಚಿಪ್) ಕೆಟ್ಟಿರಬೇಕು ಎಂದು ಐಸಿ ಬದಲಿಸುತ್ತಾರೆ, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬದಲಿಸುತ್ತಾರೆ, ಕೊನೆಗೆ ಬೇಸತ್ತು ಎಲ್ಲವನ್ನೂ ಕಿತ್ತು ಅಟ್ಟಕ್ಕೆ ಎಸೆದು ಮತ್ತೆ ಕೊಡಪಾನ ಹಿಡಿಯುತ್ತಾರೆ. ಬಿಡಿಭಾಗಗಳ ತಪ್ಪು ಇಲ್ಲಿ ಕಡಿಮೆ. ನಮ್ಮ ನೀರು ತೀರಾ ತಿಳಿ, ನಮ್ಮ ಗಾಳಿ ತೀರಾ ಹಸಿ. ತಿಳಿನೀರು ಬಾನಿಯಲ್ಲಿದ್ದರೂ ಸರ್ಕ್ಯೂಟಿಗೆ ಕಾಣುವುದಿಲ್ಲ, ಹಸಿಗಾಳಿಯಿಂದಾಗಿ ಬಾನಿ ಬರಿದಾಗಿದ್ದರೂ ನೀರಿದ್ದಂತೆ ಕಾಣುತ್ತದೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕೆದಕುತ್ತದೆ ಎಂಬುದೇ ಇಲ್ಲಿಯ ತೊಡಕು.

ಮೊದಲು ಸರ್ಕ್ಯೂಟಿನ ಪರಿಚಯ ಮಾಡಿಕೊಳ್ಳೋಣ. ಬಾನಿಯಲ್ಲಿ ಮೂರು ಸ್ಟೀಲ್ ಸಲಾಕೆಗಳಿವೆ. ಒಂದು ತಳದವರೆಗೆ ಇಳಿದಿರುವ ಸಾಮಾನ್ಯ ಸಲಾಕೆ, ಅದು 12 ವೋಲ್ಟಿನ ಪಾಸಿಟಿವ್‌ಗೆ ಸೇರಿದೆ. ಎರಡನೆಯದು ಕೆಳಮಟ್ಟದ ಸಲಾಕೆ, ಅದು 555 ಎಂಬ ಎಂಟು ಪಿನ್ನಿನ ಟೈಮರ್ ಐಸಿಯ 2ನೇ ಪಿನ್ನಿಗೆ ಹೋಗುತ್ತದೆ. ಮೂರನೆಯದು ಮೇಲ್ಮಟ್ಟದ ಸಲಾಕೆ, ಅದು 6ನೇ ಪಿನ್ನಿಗೆ. ಈ ಎರಡೂ ಪಿನ್ನುಗಳಿಂದ ನೆಗೆಟಿವ್‌ಗೆ ಒಂದೊಂದು ರೆಸಿಸ್ಟರ್ ಇದೆ. ನೀರು ಕೆಳಸಲಾಕೆಯಿಂದ ಕೆಳಗಿಳಿದಾಗ 2ನೇ ಪಿನ್ನಿನ ವೋಲ್ಟೇಜು ಸರಬರಾಜಿನ ಮೂರನೇ ಒಂದು ಭಾಗಕ್ಕಿಂತ, ಅಂದರೆ 4 ವೋಲ್ಟಿಗಿಂತ, ಕೆಳಗೆ ಬೀಳುತ್ತದೆ. ಆಗ 3ನೇ ಪಿನ್ ಏರಿ, ಒಂದು ಟ್ರಾನ್ಸಿಸ್ಟರಿನ ಮೂಲಕ ರಿಲೇ ಎಳೆದು, ಸೊಲೆನಾಯ್ಡ್ ವಾಲ್ವ್ (ಕರೆಂಟಿನ ಸುರುಳಿಯಿಂದ ತೆರೆದು ಮುಚ್ಚುವ ನಲ್ಲಿ) ತೆರೆಯುತ್ತದೆ. ನೀರು ಮೇಲಿನ ಸಲಾಕೆಯನ್ನು ಮುಟ್ಟಿದಾಗ 6ನೇ ಪಿನ್ ಮೂರನೇ ಎರಡು ಭಾಗವನ್ನು, ಅಂದರೆ 8 ವೋಲ್ಟನ್ನು, ದಾಟಿ ವಾಲ್ವ್ ಮುಚ್ಚುತ್ತದೆ. ನಡುವಿನ ಮಟ್ಟದಲ್ಲಿ ಐಸಿ ಹಿಂದಿನ ಸ್ಥಿತಿಯನ್ನೇ ಹಿಡಿದುಕೊಂಡಿರುತ್ತದೆ, ಹಾಗಾಗಿ ಹಸು ಒಂದು ಗುಟುಕು ಕುಡಿದಾಗಲೆಲ್ಲ ವಾಲ್ವ್ ಕುಣಿಯುವುದಿಲ್ಲ.

ಇನ್ನೊಂದು ಸಂಗತಿ ಗೊತ್ತಿರಲಿ, ಮುಂದೆ ಬೇಕಾಗುತ್ತದೆ. 555ರಲ್ಲಿ 2ನೇ ಪಿನ್ನಿನ ಮಾತೇ 6ನೇ ಪಿನ್ನಿನ ಮಾತಿಗಿಂತ ಮೇಲು. 2ನೇ ಪಿನ್ "ನೀರಿಲ್ಲ" ಎನ್ನುತ್ತಿರುವವರೆಗೆ 6ನೇ ಪಿನ್ "ತುಂಬಿತು" ಎಂದು ಎಷ್ಟು ಕೂಗಿಕೊಂಡರೂ ವಾಲ್ವ್ ಮುಚ್ಚುವುದಿಲ್ಲ.

ದೋಷ ಬೋರ್ಡಿನಲ್ಲಿದೆಯೋ ಬಾನಿಯಲ್ಲಿದೆಯೋ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಇದನ್ನು ತೀರ್ಮಾನಿಸಬೇಕು. ಬೇಕಾದದ್ದು ಒಂದು ಮಲ್ಟಿಮೀಟರ್, ಎರಡು 100 ಕಿಲೋಓಮ್ ರೆಸಿಸ್ಟರ್, ಒಂದು 1 ಮೆಗಾಓಮ್ ರೆಸಿಸ್ಟರ್. ವಾಲ್ವಿಗೆ 230 ವೋಲ್ಟಿನದನ್ನು ಬಳಸಿದ್ದರೆ ಮೊದಲು ಅದರ ಪ್ಲಗ್ ಕಿತ್ತುಬಿಡಿ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಅಂಥ ವಾಲ್ವ್ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 12 ವೋಲ್ಟಿನ ವಾಲ್ವ್ ಸಿಗುತ್ತದೆ, ಅದನ್ನೇ ಹಾಕಿ.

ಬಾನಿಯಿಂದ ಬರುವ ಮೂರೂ ತಂತಿಗಳನ್ನು ಬೋರ್ಡಿನಿಂದ ಬಿಚ್ಚಿ. ಈಗ ಬೋರ್ಡಿನ ಮಟ್ಟಿಗೆ ಬಾನಿ ಖಾಲಿ. ರಿಲೇ ಟಕ್ ಎಂದು ಎಳೆಯಬೇಕು, 3ನೇ ಪಿನ್ನಿನಲ್ಲಿ ಹತ್ತು ವೋಲ್ಟಿನ ಆಸುಪಾಸು ಕಾಣಬೇಕು. ಪಾಸಿಟಿವ್‌ಗೂ 2ನೇ ಪಿನ್ನಿಗೂ ನಡುವೆ ಒಂದು 100 ಕಿಲೋಓಮ್ ಹಿಡಿಯಿರಿ. ಏನೂ ಬದಲಾಗಬಾರದು. ಅದನ್ನು ಹಿಡಿದುಕೊಂಡೇ ಇನ್ನೊಂದು 100 ಕಿಲೋಓಮನ್ನು ಪಾಸಿಟಿವ್‌ಗೂ 6ನೇ ಪಿನ್ನಿಗೂ ಮುಟ್ಟಿಸಿ. ರಿಲೇ ಬಿಡಬೇಕು (6ನೇ ಪಿನ್ನಿನಿಂದ ನೆಗೆಟಿವ್‌ಗಿರುವ ರೆಸಿಸ್ಟರ್ 100 ಕಿಲೋಓಮಿನದಾಗಿದ್ದರೆ ಬಿಡುವುದಿಲ್ಲ, ಅದಕ್ಕೆ ಮದ್ದು ಮುಂದಿನ ಭಾಗದಲ್ಲಿದೆ). 6ನೇ ಪಿನ್ನಿನದನ್ನು ತೆಗೆಯಿರಿ, ರಿಲೇ ಬಿಟ್ಟೇ ಇರಬೇಕು. ಕೊನೆಗೆ 2ನೇ ಪಿನ್ನಿನದನ್ನೂ ತೆಗೆಯಿರಿ, ಮತ್ತೆ ಎಳೆಯಬೇಕು. ಆಮೇಲೆ ಮಳೆಗಾಲದ ಪರೀಕ್ಷೆ: 2ನೇ ಪಿನ್ನಿಗೆ ಈ ಸಲ 1 ಮೆಗಾಓಮ್ ಹಿಡಿಯಿರಿ. ರಿಲೇ ಎಳೆದೇ ಇರಬೇಕು, ಏಕೆಂದರೆ ಒಂದು ಮೆಗಾಓಮ್ ಎಂದರೆ ನೀರಲ್ಲ, ಬರೀ ಪಸೆ.

ಇಷ್ಟರಲ್ಲೂ ಪಾಸಾದ ಬೋರ್ಡನ್ನು ಮತ್ತೆ ಮುಟ್ಟಬೇಡಿ. ದೋಷ ಸಲಾಕೆ, ತಂತಿ, ನೀರು ಅಥವಾ ವಾಲ್ವಿನಲ್ಲಿದೆ. ತಂತಿ ಬಿಚ್ಚಿದಾಗ 3ನೇ ಪಿನ್ ಏರಿಯೂ ರಿಲೇ ಎಳೆಯದಿದ್ದರೆ ರಿಲೇ ಓಡಿಸುವ ಟ್ರಾನ್ಸಿಸ್ಟರನ್ನು ನೋಡಿ. ಬಿಸಿ 547 ತಡೆದುಕೊಳ್ಳುವುದು 100 ಮಿಲಿಆಂಪಿಯರ್ ಮಾತ್ರ. 30 ಮಿಲಿಆಂಪಿಯರ್ ಬೇಡುವ ರಿಲೇಗೆ ಅದು ಸಾಕು, ಸುಮಾರು 400 ಮಿಲಿಆಂಪಿಯರ್ ಎಳೆಯುವ ವಾಲ್ವನ್ನು ನೇರವಾಗಿ ಅದಕ್ಕೆ ಕಟ್ಟಿದ್ದರೆ ಅದು ಈಗಾಗಲೇ ಸುಟ್ಟಿರುತ್ತದೆ. ರಿಲೇ ಸುರುಳಿಗೂ ವಾಲ್ವ್ ಸುರುಳಿಗೂ ಅಡ್ಡವಾಗಿ 1ಎನ್4007 ಡಯೋಡ್ ಇದೆಯೇ, ಅದರ ಬಿಳಿ ಪಟ್ಟೆ ಪಾಸಿಟಿವ್ ಕಡೆಗಿದೆಯೇ ನೋಡಿ. ಡಯೋಡ್ ಇಲ್ಲದಿದ್ದರೆ ಹೊಸ ಟ್ರಾನ್ಸಿಸ್ಟರೂ ಅದೇ ದಾರಿ ಹಿಡಿಯುತ್ತದೆ.

ಬಾನಿ ತುಂಬಿದರೂ ನೀರು ನಿಲ್ಲುವುದಿಲ್ಲ

ಮಲೆನಾಡಿನಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಹೊಸನಗರ ಕಡೆಯ ಒಂದು ಮನೆಯಲ್ಲಿ ಇದರ ಗುಟ್ಟನ್ನು ಮೀಟರಿಗಿಂತ ಮೊದಲು ಹಿಡಿದವರು ಮನೆಯ ಅಜ್ಜಿ. ಉಪ್ಪು ಹಾಕಿದ ಅಕ್ಕಚ್ಚನ್ನು ಬಾನಿಗೆ ಸುರಿದ ದಿನ ನೀರು ಸರಿಯಾಗಿ ನಿಲ್ಲುತ್ತದೆ, ಬರೀ ಅಬ್ಬಿ ನೀರು (ಗುಡ್ಡದ ಒರತೆಯಿಂದ ಹರಿದು ಬರುವ ನೀರು) ಇದ್ದ ದಿನ ಅಂಗಳವೆಲ್ಲ ಕೆಸರು ಎಂದರು. ಅವರ ಮಾತಿನಲ್ಲಿ ಪೂರ್ತಿ ರೋಗನಿರ್ಣಯವೇ ಇತ್ತು.

ನೀರಿನಲ್ಲಿ ವಿದ್ಯುತ್ತು ಹರಿಯುವುದು ಅದರಲ್ಲಿ ಕರಗಿದ ಲವಣಗಳಿಂದ. ಬಯಲಿನ ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಲವಣ ಹೀರಿಕೊಂಡು ಬರುತ್ತದೆ. ಗುಡ್ಡದ ಒರತೆಯ ನೀರು ಮಳೆನೀರಿನ ಹತ್ತಿರದ ನೆಂಟ. ಮಳೆ ತೊಳೆದು ತೊಳೆದು ಲವಣವೇ ಉಳಿಯದ ಜಂಬಿಟ್ಟಿಗೆ ಮಣ್ಣಿನಲ್ಲಿ ಇಳಿದು ಬರುವ ಆ ನೀರಿನಲ್ಲಿ ಕರಗಿದ್ದು ಕಡಿಮೆ. ಬೋರ್‌ವೆಲ್ ನೀರಿನಲ್ಲಿ ಎರಡು ಸಲಾಕೆಗಳ ನಡುವೆ 10 ಕಿಲೋಓಮ್ ಇದ್ದರೆ ಅಬ್ಬಿ ನೀರಿನಲ್ಲಿ 100 ಕಿಲೋಓಮ್ ಆಗುವುದು ದೊಡ್ಡ ಮಾತಲ್ಲ.

ಈಗ ಲೆಕ್ಕ ಹಾಕಿ. ಎಲ್ಲೆಡೆ ಸಿಗುವ ನಕ್ಷೆಗಳಲ್ಲಿ ಎರಡೂ ಪಿನ್ನುಗಳಿಗೆ 100 ಕಿಲೋಓಮ್ ರೆಸಿಸ್ಟರನ್ನೇ ತೋರಿಸಿರುತ್ತಾರೆ. ಬೋರ್‌ವೆಲ್ ನೀರು ಮುಟ್ಟಿದಾಗ 6ನೇ ಪಿನ್ನಿಗೆ 12 ವೋಲ್ಟಿನಲ್ಲಿ 10.9 ವೋಲ್ಟ್ ಸಿಗುತ್ತದೆ, 8ನ್ನು ಆರಾಮವಾಗಿ ದಾಟಿತು. ಅಬ್ಬಿ ನೀರು ಮುಟ್ಟಿದಾಗ ಸಿಗುವುದು ಸರಿಯಾಗಿ ಅರ್ಧ, 6 ವೋಲ್ಟ್. ಎಂಟನ್ನು ದಾಟದ ಮೇಲೆ ವಾಲ್ವ್ ಮುಚ್ಚುವ ಪ್ರಶ್ನೆಯೇ ಇಲ್ಲ. ಹಾಗಿದ್ದರೂ 2ನೇ ಪಿನ್ನಿಗೆ ಅದೇ 6 ವೋಲ್ಟ್ ಸಾಕು, ಏಕೆಂದರೆ ಅಲ್ಲಿ ದಾಟಬೇಕಾದದ್ದು 4 ಮಾತ್ರ. ಕೆಳಗಿನ ಸಲಾಕೆ ಸರಿಯಾಗಿ ಕೆಲಸ ಮಾಡಿ ಮೇಲಿನದು ಮಾತ್ರ ಕೈಕೊಡುವುದು ಇದರಿಂದಲೇ.

ಪರೀಕ್ಷೆ ಸುಲಭ. ಬಾನಿ ತುಂಬಿ ಮೇಲಿನ ಸಲಾಕೆ ಮುಳುಗಿರುವಾಗ 6ನೇ ಪಿನ್ನಿನ ವೋಲ್ಟೇಜು ಅಳೆಯಿರಿ. 8ಕ್ಕಿಂತ ಕೆಳಗಿದ್ದರೆ ಒಂದು ಚಿಟಿಕೆ ಉಪ್ಪನ್ನು ನೀರಿಗೆ ಹಾಕಿ ಕಲಕಿ. ವೋಲ್ಟೇಜು ಜಿಗಿದು ರಿಲೇ ಬಿಟ್ಟರೆ ದೋಷ ಸಿಕ್ಕಿತು, ನೀರು ಸಪ್ಪೆ. ಉಪ್ಪು ಹಾಕಿದರೂ ಏನೂ ಆಗದಿದ್ದರೆ ತಂತಿ ಕಡಿದಿದೆ ಅಥವಾ ಸಲಾಕೆಗೆ ಪಾಚಿ ಕಟ್ಟಿದೆ. ನೀರಿನ ತಡೆಯನ್ನು ನೇರವಾಗಿ ಮೀಟರಿನ ಓಮ್ ಸ್ಥಾನದಲ್ಲಿ ಅಳೆಯಲು ಹೋಗಬೇಡಿ. ಮೀಟರಿನ ನೇರ ವಿದ್ಯುತ್ತಿಗೆ ಸಲಾಕೆಯ ಮೈಮೇಲೆ ಅಯಾನುಗಳ ಪದರ ಕಟ್ಟಿಕೊಂಡು ಅಂಕಿ ಏರುತ್ತಲೇ ಹೋಗುತ್ತದೆ, ಯಾವುದನ್ನು ನಂಬಬೇಕೆಂದೇ ತಿಳಿಯುವುದಿಲ್ಲ. ಪಿನ್ನಿನ ವೋಲ್ಟೇಜೇ ನಂಬಿಕಸ್ಥ ಸಾಕ್ಷಿ. ಅಗ್ಗದ ಹಳದಿ ಮೀಟರುಗಳ ಒಳತಡೆ 1 ಮೆಗಾಓಮ್ ಮಾತ್ರ, ಆದ್ದರಿಂದ ಅವು ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತವೆ ಎಂಬುದೂ ನೆನಪಿರಲಿ.

ಪರಿಹಾರವೆಂದು ಎರಡೂ ರೆಸಿಸ್ಟರುಗಳನ್ನು 470 ಕಿಲೋಓಮಿಗೆ ಏರಿಸುವವರಿದ್ದಾರೆ. ಬೇಸಿಗೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಹೊಸ ರೋಗ ತರುತ್ತದೆ. ಎರಡೂ ಒಂದೇ ಓಮಿನದಾಗಿರಬೇಕು ಎಂದು ಯಾರೂ ಹೇಳಿಲ್ಲ. 6ನೇ ಪಿನ್ನಿಗೆ 470 ಕಿಲೋಓಮ್ ಹಾಕಿ, 2ನೇ ಪಿನ್ನಿಗೆ 100 ಕಿಲೋಓಮನ್ನೇ ಉಳಿಸಿ. ಅಬ್ಬಿ ನೀರಿನ 100 ಕಿಲೋಓಮಿಗೆ 6ನೇ ಪಿನ್ನಿನಲ್ಲಿ 9.9 ವೋಲ್ಟ್ ಸಿಗುತ್ತದೆ, ಮುಚ್ಚಲು ಧಾರಾಳ. ಹಸಿಯ 1 ಮೆಗಾಓಮಿಗೆ ಅದೇ ಪಿನ್ನಿನಲ್ಲಿ 3.8 ವೋಲ್ಟ್, ಮೋಸಹೋಗಲು ಸಾಲದು. 2ನೇ ಪಿನ್ನಿನಲ್ಲಿ ನೀರಿಗೆ 6, ಹಸಿಗೆ 1.1. ಎರಡೂ ಗಡಿಯಿಂದ ದೂರ. ಇಡೀ ಕೈಪಿಡಿಯಲ್ಲಿ ಒಂದೇ ಬದಲಾವಣೆ ಮಾಡುವಿರಾದರೆ ಇದನ್ನು ಮಾಡಿ.

ಸಲಾಕೆಯ ಆಕಾರವನ್ನೂ ನೋಡಿ. ಮೇಲಿನ ಸಲಾಕೆಯ ತುದಿ ಮಾತ್ರ ನೀರಿಗೆ ತಾಗುತ್ತದೆ, ತಾಗುವ ಜಾಗ ಕಿರಿದಾದಷ್ಟೂ ತಡೆ ಹೆಚ್ಚು. ಅದರ ತುದಿಗೆ ಒಂದು ಅಗಲ ಸ್ಟೀಲ್ ವಾಷರನ್ನು ನಟ್ಟಿನಿಂದ ಬಿಗಿಯಿರಿ. ನೀರು ಮುಟ್ಟಿದ ಕ್ಷಣದಲ್ಲೇ ವಾಷರಿನ ಇಡೀ ತಳ ಒದ್ದೆಯಾಗುತ್ತದೆ. ಸಾಮಾನ್ಯ ಸಲಾಕೆಯನ್ನು ಬಾನಿಯ ಇನ್ನೊಂದು ಮೂಲೆಗೆ ಇಡದೆ ಉಳಿದೆರಡರ ಪಕ್ಕದಲ್ಲೇ, ಉದ್ದಕ್ಕೂ ಬರಿಮೈಯಲ್ಲಿ ಇಳಿಬಿಡಿ.

ಇಷ್ಟಾದರೂ ತುಂಬಿ ಹರಿದರೆ 2ನೇ ಪಿನ್ನಿನ ಆ ಮೇಲುಗೈಯನ್ನು ನೆನೆಯಿರಿ. ಕೆಳಸಲಾಕೆಯ ತಂತಿ ಕಡಿದಿದ್ದರೆ 2ನೇ ಪಿನ್ ಸದಾ ಸೊನ್ನೆಯಲ್ಲಿರುತ್ತದೆ. ಆಗ ಮೇಲಿನ ಸಲಾಕೆ ಎಷ್ಟು ಚೆನ್ನಾಗಿದ್ದರೂ ವಾಲ್ವ್ ಮುಚ್ಚುವುದಿಲ್ಲ. ನೀರು ನಿಲ್ಲದಿದ್ದಾಗ ಎಲ್ಲರೂ ಮೇಲಿನ ಸಲಾಕೆಯನ್ನೇ ಉಜ್ಜುತ್ತಾ ಕೂರುತ್ತಾರೆ. ತುಂಬಿದ ಬಾನಿಯಲ್ಲಿ 2ನೇ ಪಿನ್ 4ಕ್ಕಿಂತ ಕೆಳಗಿದ್ದರೆ ಕಳ್ಳ ಕೆಳಗಿದ್ದಾನೆ. ಇಲಿ ಕಡಿದ ತಂತಿ, ಗಂಜಳದ ಅಮೋನಿಯಾ ತಿಂದು ಹಸಿರು ಹುಡಿಯಾದ ತಾಮ್ರದ ಜೋಡಣೆ, ಎರಡರಲ್ಲಿ ಒಂದು ಸಿಗುತ್ತದೆ. ಜೋಡಣೆಯನ್ನು ಮುಚ್ಚಲು ಸಿಲಿಕಾನ್ ಬಳಸುವಿರಾದರೆ ವಿನೆಗರಿನ ವಾಸನೆ ಬರುವಂಥದ್ದು ಬೇಡ, ಅದರ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಕಪ್ಪು ಟೇಪು ಸುತ್ತಿ ಬಿಟ್ಟಿದ್ದರೆ ಮಳೆಗಾಲ ಮುಗಿಯುವುದರೊಳಗೆ ಅದು ಅಂಟು ಬಿಟ್ಟು ನೀರನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ.

ಸರ್ಕ್ಯೂಟು ಹೇಗೇ ಇರಲಿ, ಬಾನಿಯ ಕಂಠದಿಂದ ಮೂರು ಬೆರಳು ಕೆಳಗೆ ಒಂದು ತೂತು ಕೊರೆದು ಪೈಪಿನಿಂದ ತೋಟಕ್ಕೆ ದಾರಿ ಮಾಡಿ. ಮೇಲಿನ ಸಲಾಕೆ ಆ ತೂತಿಗಿಂತ ಕೆಳಗಿರಲಿ.

ಬಾನಿ ಬರಿದಾದರೂ ನೀರು ಬರುವುದಿಲ್ಲ

ಇದು ಮಳೆಗಾಲದ ದೂರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಪುನರ್ವಸು, ಪುಷ್ಯ ಮಳೆ ಹಿಡಿದ ಮೇಲೆ ಕಪಾಟಿನ ಬಟ್ಟೆಗೇ ಬೂಸಲು ಬರುತ್ತದೆ, ಕೊಟ್ಟಿಗೆ ಗೋಡೆಯ ಬೋರ್ಡು ಒಣಗಿರಲು ಹೇಗೆ ಸಾಧ್ಯ? ಬೆಸುಗೆ ಹಾಕಿದಾಗ ಉಳಿದ ರಾಳ ಪಸೆ ಹೀರಿಕೊಂಡು ಪಿನ್ನುಗಳ ನಡುವೆ ಕಾಣದ ತಂತಿಯಾಗುತ್ತದೆ. ಸಲಾಕೆಗಳನ್ನು ಬಿಗಿದ ಹಲಗೆಯ ಮೇಲೂ ನೀರಿನ ಪೊರೆ ಕೂರುತ್ತದೆ. 2ನೇ ಪಿನ್ನಿಗೆ ಬಾನಿ ತುಂಬಿದ್ದಂತೆ ಭಾಸವಾಗುತ್ತದೆ, ಹಸುಗಳು ಬರಿ ಬಾನಿ ನೆಕ್ಕುತ್ತಾ ನಿಲ್ಲುತ್ತವೆ.

ಬರಿ ಬಾನಿ ಇರುವಾಗ 2ನೇ ಪಿನ್ ಅಳೆಯಿರಿ. 4ಕ್ಕಿಂತ ಮೇಲಿದ್ದರೆ ಮೀಟರನ್ನು ಅಲ್ಲೇ ಹಿಡಿದುಕೊಂಡು ಕೆಳಸಲಾಕೆಯ ತಂತಿಯನ್ನು ಬೋರ್ಡಿನಿಂದ ಬಿಚ್ಚಿ. ವೋಲ್ಟೇಜು ಕುಸಿದರೆ ಹಸಿ ಬಾನಿಯ ಕಡೆಗಿದೆ, ಕುಸಿಯದಿದ್ದರೆ ಬೋರ್ಡಿನಲ್ಲೇ ಇದೆ.

ಬೋರ್ಡಿನಲ್ಲಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಬೆಸುಗೆಯ ಕಡೆಯನ್ನು ಚೆನ್ನಾಗಿ ತಿಕ್ಕಿ. ಕಂದು ರಾಳವೆಲ್ಲ ಹೋಗಿ ಬೆಸುಗೆ ಬೆಳ್ಳಗೆ ಹೊಳೆಯಬೇಕು. ಪೂರ್ತಿ ಒಣಗಿಸಿ, ಆಮೇಲೆ ಮಾತ್ರ ಬೋರ್ಡಿಗೆ ಬಳಿಯುವ ವಾರ್ನಿಷ್ ಎರಡು ಕೈ ಕೊಡಿ. ಒಣಗಿಸದೆ ಬಳಿದರೆ ಪಸೆಯನ್ನು ಒಳಗೆ ಹೂಳಿದಂತೆ. ಪೆಟ್ಟಿಗೆಗೆ ತಂತಿಗಳು ಕೆಳಗಿನಿಂದಲೇ ಒಳಹೋಗಬೇಕು, ಒಳಹೋಗುವ ಮೊದಲು ಒಂದು ಜೋಲು ಬಿಟ್ಟರೆ ತಂತಿಯ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯ ತಳದಲ್ಲಿ ಸಣ್ಣ ತೂತಿರಲಿ, ಅದಕ್ಕೆ ಹಿತ್ತಾಳೆ ಬಲೆ ಅಂಟಿಸಿ. ಇಲ್ಲದಿದ್ದರೆ ಬೆಚ್ಚಗಿನ ರಿಲೇ ಬುಡದಲ್ಲಿ ಇರುವೆಗಳು ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ.

ಹಸಿ ಬಾನಿಯ ಕಡೆಗಿದ್ದರೆ ಸಲಾಕೆಗಳನ್ನು ಹಿಡಿದ ಪಟ್ಟಿಯನ್ನು ನೋಡಿ. ಮರದ್ದಾಗಿದ್ದರೆ ಕಿತ್ತೆಸೆಯಿರಿ, ಮಲೆನಾಡಿನ ಮಳೆಗಾಲದಲ್ಲಿ ಮರವೂ ವಾಹಕವೇ. ಪ್ಲಾಸ್ಟಿಕ್ ಪಟ್ಟಿಯಾದರೂ ಮೂರು ಬೋಲ್ಟುಗಳ ನಡುವೆ ಕುಯ್ದು ಸೀಳು ಮಾಡಿ, ನೀರಿನ ಪೊರೆ ಒಂದರಿಂದ ಇನ್ನೊಂದಕ್ಕೆ ಹರಿಯದಿರಲಿ. ಕೆಳಸಲಾಕೆಗೂ ಮೇಲಿನದಕ್ಕೂ ಪ್ಲಾಸ್ಟಿಕ್ ಕೊಳವೆ ತೊಡಿಸಿ ತುದಿ ಮಾತ್ರ ಹೊರಗಿಡಿ. ಬೂಸಾ, ಹಿಂಡಿಯ ಲೋಳೆ ಸಲಾಕೆಯಿಂದ ಸಲಾಕೆಗೆ ಜೋತುಬೀಳುವುದೂ ಉಂಟು. ವಾರಕ್ಕೊಮ್ಮೆ ತೆಂಗಿನ ನಾರಿನಲ್ಲಿ ತಿಕ್ಕಿದರೆ ಅದರ ಕಾಟ ತಪ್ಪುತ್ತದೆ.

ಕರೆಂಟು ಹೋಗಿ ಬಂದ ಮೇಲೆ ಮಾತ್ರ ವಿಚಿತ್ರವಾಗಿ ಆಡುತ್ತದೆಯೇ? ನೀರು ನಡುಮಟ್ಟದಲ್ಲಿದ್ದಾಗ 555 ಎದ್ದರೆ ಅದು ಯಾವ ಸ್ಥಿತಿಯಲ್ಲಿ ಏಳುತ್ತದೆ ಎಂದು ಹೇಳಲಾಗದು. 4ನೇ ಪಿನ್ನನ್ನು ನೇರ ಪಾಸಿಟಿವ್‌ಗೆ ಕಟ್ಟುವ ಬದಲು 10 ಕಿಲೋಓಮಿನ ಮೂಲಕ ಕಟ್ಟಿ, ಆ ಪಿನ್ನಿನಿಂದ ನೆಗೆಟಿವ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಪ್ರತಿ ಸಲವೂ ಮುಚ್ಚಿದ ಸ್ಥಿತಿಯಲ್ಲೇ ಏಳುತ್ತದೆ.

ಅರ್ಧ ತುಂಬಿ ನಿಲ್ಲುವುದು, ರಿಲೇ ಕಟಕಟ ಎನ್ನುವುದು

ಹಸು ಮುಸುಡಿ ಅದ್ದಿ ತಲೆ ಕೊಡವಿದಾಗ ನೀರು ಸಿಡಿದು ಮೇಲಿನ ಸಲಾಕೆಗೆ ಒಂದು ಕ್ಷಣ ತಾಗಿದರೂ ಐಸಿ "ತುಂಬಿತು" ಎಂದು ಮುಚ್ಚುತ್ತದೆ. ಮತ್ತೆ ತೆರೆಯುವುದು ನೀರು ಪೂರ್ತಿ ಇಳಿದ ಮೇಲೆಯೇ. 6ನೇ ಪಿನ್ನಿನಿಂದ ನೆಗೆಟಿವ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನೀರು ಒಂದು ಸೆಕೆಂಡಿನಷ್ಟಾದರೂ ಸತತವಾಗಿ ತಾಗಿದರೆ ಮಾತ್ರ ಪಿನ್ ಏರುತ್ತದೆ. ಬಾನಿಯಿಂದ ಬೋರ್ಡಿಗೆ ಬರುವ ಉದ್ದ ತಂತಿ 230 ವೋಲ್ಟಿನ ತಂತಿಯ ಜೊತೆಗೇ ಬಂದಿದ್ದರೆ ಅದರ ಗುಂಯ್‌ಗಾಟವನ್ನೂ ಈ ಕೆಪಾಸಿಟರ್ ನುಂಗುತ್ತದೆ. 2ನೇ ಪಿನ್ನಿಗೂ 0.1 ಮೈಕ್ರೋಫ್ಯಾರಡಿನ ಒಂದನ್ನು ಹಾಕಿ.

ರಿಲೇ ಕಟಕಟಿಸಿದರೆ ಸರಬರಾಜು ನೋಡಿ. ವಾಲ್ವ್ ತೆರೆದಾಗ ಅಡಾಪ್ಟರಿನ ವೋಲ್ಟೇಜು ಕುಸಿಯುತ್ತದೆ, ರಿಲೇ ಬಿಡುತ್ತದೆ, ಭಾರ ಇಳಿದೊಡನೆ ವೋಲ್ಟೇಜು ಏರುತ್ತದೆ, ರಿಲೇ ಮತ್ತೆ ಎಳೆಯುತ್ತದೆ. 555ರ ಗಡಿಗಳು ಸರಬರಾಜಿನ ಪಾಲುಗಳಾದ್ದರಿಂದ ಐಸಿಗೆ ಇದರಿಂದ ತೊಂದರೆಯಿಲ್ಲ, ಸೋಲುವುದು ರಿಲೇ. ಸಂಜೆ ವೋಲ್ಟೇಜು ಇಳಿಯುವ ಊರುಗಳಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಅದರ ಜೊತೆಗೇ ಇಳಿಯುತ್ತದೆ. 100ರಿಂದ 240 ವೋಲ್ಟ್ ಎಂದು ಬರೆದಿರುವ, 2 ಆಂಪಿಯರಿನ ಹಗುರ ಅಡಾಪ್ಟರ್ ಹಾಕಿದರೆ ಸಾಕು.

ರಿಲೇ ಸರಿ, ವಾಲ್ವ್ ಮೊಂಡು

ರಿಲೇ ಎಳೆದಾಗ ವಾಲ್ವಿನ ತುದಿಗಳಲ್ಲಿ 12 ವೋಲ್ಟ್ ಇದ್ದೂ ನೀರು ಬರದಿದ್ದರೆ ಸುರುಳಿಯ ತಲೆಗೆ ಸ್ಕ್ರೂಡ್ರೈವರಿನ ತುದಿ ಹಿಡಿಯಿರಿ. ಎಳೆತ ಗೊತ್ತಾದರೆ ಸುರುಳಿ ಜೀವಂತವಾಗಿದೆ. ಗೊತ್ತಾಗದಿದ್ದರೆ ತಂತಿ ಬಿಚ್ಚಿ ಓಮ್ ಅಳೆಯಿರಿ, 30 ಓಮಿನ ಆಸುಪಾಸು ಇರಬೇಕು.

ಸುರುಳಿ ಎಳೆಯುತ್ತಿದ್ದೂ ನೀರು ಬಾರದಿದ್ದರೆ ವಾಲ್ವಿನ ಮೈಮೇಲಿನ ಬರಹ ಓದಿ. ಅಗ್ಗದ ಪ್ಲಾಸ್ಟಿಕ್ ವಾಲ್ವುಗಳಲ್ಲಿ ಸಾಮಾನ್ಯವಾಗಿ 0.02ರಿಂದ 0.8 ಮೆಗಾಪಾಸ್ಕಲ್ ಎಂದಿರುತ್ತದೆ. ಇವು ತೆರೆದು ಮುಚ್ಚುವುದು ನೀರಿನ ಒತ್ತಡದ ಬಲದಿಂದಲೇ, ಸುರುಳಿ ಎತ್ತುವುದು ಒಳಗಿನ ಸೂಜಿತೂತನ್ನು ಮಾತ್ರ. 0.02 ಮೆಗಾಪಾಸ್ಕಲ್ ಎಂದರೆ ಸುಮಾರು 2 ಮೀಟರ್ ಎತ್ತರದ ನೀರಿನ ಒತ್ತಡ. ನಿಮ್ಮ ಟ್ಯಾಂಕು ಕೊಟ್ಟಿಗೆಯ ಹಿಂದಿನ ದರೆಯ ಮೇಲೆ ಆಳೆತ್ತರಕ್ಕಷ್ಟೇ ಇದ್ದರೆ ಈ ವಾಲ್ವ್ ನಿಮಗಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಅಬ್ಬಿ ಪೈಪು ತುಂಬಿ ಬರುವಾಗ ಚೆನ್ನಾಗಿದ್ದ ವಾಲ್ವ್ ಏಪ್ರಿಲ್ ಹೊತ್ತಿಗೆ ತೊಟ್ಟಿಕ್ಕತೊಡಗುವುದೂ ಇದೇ ಕಾರಣಕ್ಕೆ, ಒತ್ತಡ ಸಾಲದೆ ರಬ್ಬರ್ ಪೊರೆ ಬಿಗಿಯಾಗಿ ಕೂರುವುದಿಲ್ಲ. ಸೊನ್ನೆ ಒತ್ತಡದಲ್ಲೂ ನಡೆಯುತ್ತದೆ ಎಂದು ಬರೆದಿರುವ, ಸುರುಳಿಯೇ ನೇರವಾಗಿ ಬಾಯಿ ಎತ್ತುವ ಹಿತ್ತಾಳೆ ವಾಲ್ವ್ ಕೇಳಿ ತನ್ನಿ.

ಒತ್ತಡ ಸಾಕಷ್ಟಿದ್ದೂ ಮುಚ್ಚದಿದ್ದರೆ ಬಾಣದ ಗುರುತು ನೀರಿನ ದಿಕ್ಕಿಗಿದೆಯೇ ನೋಡಿ. ಅದೂ ಸರಿಯಿದ್ದರೆ ಮೇಲಿನ ಸ್ಕ್ರೂಗಳನ್ನು ಬಿಚ್ಚಿ, ಸ್ಪ್ರಿಂಗ್ ಹಾರಿಹೋಗದಂತೆ ಕೈ ಅಡ್ಡ ಹಿಡಿದು ಪೊರೆ ಎತ್ತಿ. ಕೆಮ್ಮಣ್ಣಿನ ನುಣುಪು ಕೆಸರು ಪೊರೆಯಲ್ಲೇ ಇರುವ ಇನ್ನೊಂದು ಸಣ್ಣ ತೂತನ್ನು ಮುಚ್ಚಿರುತ್ತದೆ, ಇಲ್ಲವೇ ಒಂದು ಮರಳಿನ ಕಾಳು ಅಂಚಿನಲ್ಲಿ ಕೂತಿರುತ್ತದೆ. ತೊಳೆದು ಕೂರಿಸಿ, ವಾಲ್ವಿನ ಮುಂದೆ ಜಾಲರಿ ಹಾಕಿ.

ಸಲಾಕೆ ಕರಗುವುದು

ಸಾಮಾನ್ಯ ಸಲಾಕೆ ಸದಾ ಪಾಸಿಟಿವ್ ಆದ್ದರಿಂದ ಅದು ನಿಧಾನವಾಗಿ ನೀರಿಗೆ ಕರಗುತ್ತದೆ. ತಾಮ್ರದ ತಂತಿಯನ್ನೇ ಸಲಾಕೆಯಾಗಿ ಬಿಟ್ಟಿದ್ದರೆ, 60 ಮೈಕ್ರೋಆಂಪಿಯರ್ ವರ್ಷವಿಡೀ ಹರಿದಾಗ ಲೆಕ್ಕದ ಪ್ರಕಾರ ಅರ್ಧ ಗ್ರಾಮಿಗೂ ಹೆಚ್ಚು ತಾಮ್ರ ಕರಗುತ್ತದೆ, ಹಸು ಅದನ್ನು ಕುಡಿಯುತ್ತದೆ. ತಾಮ್ರ, ಹಿತ್ತಾಳೆ, ಸತು ಬಳಿದ ಬೋಲ್ಟು ಯಾವುದೂ ಬೇಡ. 316 ದರ್ಜೆಯ ಸ್ಟೀಲ್ ಬೋಲ್ಟು ಸಿಕ್ಕರೆ ಒಳ್ಳೆಯದು, 304 ಆದರೂ ನಡೆಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿಯನ್ನು ಪೂರ್ತಿ ನಂಬಬೇಡಿ. ಬೇಗ ತುಕ್ಕು ಹಿಡಿಯುವ 202 ದರ್ಜೆಯ ಸ್ಟೀಲೂ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಬಾನಿ ತುಂಬಿದೆ, ಹಸು ಮಾತ್ರ ಕುಡಿಯುವುದಿಲ್ಲ

ಇದನ್ನು ಸರ್ಕ್ಯೂಟಿನ ದೋಷವೆಂದು ಯಾರೂ ಎಣಿಸುವುದಿಲ್ಲ, ಹಸುವಿಗೆ ದೃಷ್ಟಿಯಾಗಿದೆ ಎನ್ನುತ್ತಾರೆ. ಹಸು ಬಾನಿಯ ಹತ್ತಿರ ಬಂದು, ಮೂತಿ ತಾಗಿಸಿ, ಚಕ್ಕನೆ ಹಿಂದೆಗೆದು, ನಾಲಿಗೆಯ ತುದಿಯಿಂದ ನೀರನ್ನು ಹೆದರಿ ಹೆದರಿ ನೆಕ್ಕುತ್ತಿದ್ದರೆ ನೀರಿನಲ್ಲಿ ಕರೆಂಟು ಇರುವ ಶಂಕೆಯಿದೆ. ಒದ್ದೆ ನೆಲದ ಮೇಲೆ ನಾಲ್ಕು ಗೊರಸು ಊರಿ ಹಸಿ ಮೂತಿಯನ್ನು ನೀರಿಗಿಡುವ ಹಸುವಿಗೆ, ಚಪ್ಪಲಿ ಮೆಟ್ಟಿದ ನಮಗೆ ಗೊತ್ತೇ ಆಗದ ಕೆಲವೇ ವೋಲ್ಟುಗಳು ಚುರುಗುಟ್ಟುತ್ತವೆ.

ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಒಂದು ಕಡ್ಡಿ ಬಾನಿಯ ನೀರಿಗೆ, ಇನ್ನೊಂದು ಒದ್ದೆ ನೆಲಕ್ಕೆ ಚುಚ್ಚಿದ ಮೊಳೆಗೆ ಹಿಡಿಯಿರಿ. ಹತ್ತಾರು ವೋಲ್ಟ್ ಕಂಡರೂ ಗಾಬರಿ ಬೇಡ. ಅಡಾಪ್ಟರಿನೊಳಗಿನ ಸಣ್ಣ ಕೆಪಾಸಿಟರಿನ ಮೂಲಕ ಸೋರಿದ, ಬಲವಿಲ್ಲದ ವೋಲ್ಟೇಜು ಅದಾಗಿರಬಹುದು. ಮೀಟರಿನ ಕಡ್ಡಿಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಅಡ್ಡ ಹಿಡಿದು ಮತ್ತೆ ಅಳೆಯಿರಿ. ಒಂದು ವೋಲ್ಟಿನ ಸಣ್ಣ ಪಾಲಿಗೆ ಇಳಿದರೆ ಅದು ಬರಿಯ ಭೂತ ವೋಲ್ಟೇಜು. ಇಳಿಯದೆ ಒಂದೆರಡು ವೋಲ್ಟ್ ಅಲ್ಲೇ ನಿಂತರೆ ಸೋರಿಕೆ ನಿಜ. ಆಗ ಅಡಾಪ್ಟರಿನ ಪ್ಲಗ್ ಕಿತ್ತು ಮತ್ತೆ ಅಳೆಯಿರಿ. ಸೊನ್ನೆಯಾದರೆ ಅಡಾಪ್ಟರನ್ನು ಬಿಸಾಡಿ. ಆಗದಿದ್ದರೆ ಸೋರಿಕೆ ಈ ಸರ್ಕ್ಯೂಟಿನದಲ್ಲ, ಪಂಪಿನದೋ ಮನೆಯ ಅರ್ಥಿಂಗಿನದೋ ಇರುತ್ತದೆ. ಹಸುಗಳನ್ನು ಅಲ್ಲಿಂದ ಬಿಚ್ಚಿ ಬೇರೆ ಕಡೆ ಕಟ್ಟಿ, ಮೈನ್ ಸ್ವಿಚ್ ಆರಿಸಿ, ವಯರಿಂಗ್ ಬಲ್ಲವರನ್ನು ಕರೆಸಿ.

ಎಸಿ ಸೊನ್ನೆಯಿದ್ದೂ ಹಸು ಹಿಂಜರಿದರೆ ಡಿಸಿಗೆ ತಿರುಗಿಸಿ ಅಳೆಯಿರಿ. ಸರ್ಕ್ಯೂಟಿನ ನೆಗೆಟಿವನ್ನು ಯಾರಾದರೂ ಅರ್ಥ್ ತಂತಿಗೆ ಕಟ್ಟಿದ್ದರೆ ಸಾಮಾನ್ಯ ಸಲಾಕೆಯ 12 ವೋಲ್ಟಿಗೆ ಹಸುವಿನ ಮೈಯೇ ಹಿಂತಿರುಗುವ ದಾರಿಯಾಗುತ್ತದೆ. ಆ ಕೊಂಡಿಯನ್ನು ಬಿಚ್ಚಿ. ಜೊತೆಗೆ ಪಾಸಿಟಿವ್‌ಗೂ ಸಾಮಾನ್ಯ ಸಲಾಕೆಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಪಿನ್ನುಗಳ ವೋಲ್ಟೇಜು ಒಂದು ವೋಲ್ಟಿಗಿಂತ ಕಡಿಮೆ ಇಳಿಯುತ್ತದೆ, 6ನೇ ಪಿನ್ 9ರ ಮೇಲೆಯೇ ಉಳಿಯುತ್ತದೆ, ನೀರಿಗೆ ಹೋಗುವ ವಿದ್ಯುತ್ತು ಏನೇ ಆದರೂ 1.2 ಮಿಲಿಆಂಪಿಯರ್ ಮೀರುವುದಿಲ್ಲ. ಮೊದಲೇ ಹೆದರಿದ ಹಸು ಆ ಬಾನಿಗೆ ಕೂಡಲೇ ಮರಳುವುದಿಲ್ಲ. ಕೆಲವು ದಿನ ಪಕ್ಕದಲ್ಲಿ ಬಕೆಟಿನಲ್ಲಿ ನೀರಿಟ್ಟು, ಬಾನಿಗೆ ಒಂದಿಷ್ಟು ಬೂಸಾ ಉದುರಿಸಿ ರೂಢಿ ಮಾಡಿಸಬೇಕು. ಆ ಬೂಸಾ ಸಲಾಕೆಗೆ ಅಂಟುತ್ತದೆ, ಉಜ್ಜುವುದನ್ನು ಮರೆಯಬೇಡಿ.